ಬಲಕ್ಕೆ ಬಿದ್ದ ಹೂ

ಗುಡಿಯಲ್ಲಿ ಹೂ ಕೇಳುವುದನ್ನು ನಾನು ಚಿಕ್ಕವಳಿದ್ದಾಗಿನಿಂದ ಗೇಲಿ ಮಾಡುತ್ತ ಬಂದವಳು. ನಮ್ಮ ಮಾಗಳದ ಕಡೆ ಬೋರ್‌ವೆಲ್ ಕೊರೆಸುವುದಿರಲಿ, ಹೆಣ್ಣು ನೋಡಲು ಹೋಗುವುದಿರಲಿ, ಊರದೇವಿಯ ಎರಡೂ ಭುಜಕ್ಕೆ ಒದ್ದೆ ಮಲ್ಲಿಗೆ ಅಂಟಿಸಿ, ಮನಸ್ಸಿನಲ್ಲೇ ಕೇಳಿಕೊಂಡು ಕಾಯುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. "ನೀರು ಆರಿದ ಮ್ಯಾಲೆ ಯಾವ ಹೂವಾದ್ರೂ ಬೀಳತೈತಿ" ಎಂದು ವಿಜ್ಞಾನ ಓದಿದ ಹಮ್ಮಿನಲ್ಲಿ ನಾನು ಅಂದರೆ, ಬಾಯಿ ಮುಚ್ಚು ಎಂದು ಅವ್ವ ಗದರುತ್ತಿದ್ದಳು.

ಹಡಗಲಿ ಕಾಲೇಜಿನಲ್ಲಿ ಬಿ.ಎಸ್ಸಿ ಕೊನೆಯ ವರ್ಷದಲ್ಲಿದ್ದಾಗ ಜರ್ಮನಿಯಲ್ಲಿ ಮಣ್ಣಿನ ಬಗ್ಗೆ ಓದಲು ನನಗೆ ಸೀಟು ಸಿಕ್ಕಿತು. ವಿದ್ಯಾರ್ಥಿವೇತನವೂ ಮಂಜೂರಾಯಿತು. ಉಳಿದದ್ದು ಒಂದೇ ಕಾಗದ. ಓದು ಮುಗಿಸಿ ವಾಪಸ್ ಬರುತ್ತೇನೆಂಬ ಮುಚ್ಚಳಿಕೆಗೆ ಹೊಲ ಇದ್ದವರೊಬ್ಬರು ಜಾಮೀನು ಸಹಿ ಹಾಕಬೇಕಿತ್ತು. ಅಪ್ಪ ತೀರಿಕೊಂಡ ಮೇಲೆ ನಮಗಿದ್ದವನು ದೊಡ್ಡಪ್ಪ ಒಬ್ಬನೇ. ಆತ ಬೇಡ ಎನ್ನಲಿಲ್ಲ, ಹ್ಞೂಂ ಎನ್ನಲೂ ಇಲ್ಲ.

"ಹೂ ಕೇಳ್ರಿ. ತಾಯಿ ಹೋಗ್ಲಿ ಅಂದ್ರ ಅಲ್ಲೇ ಸಹಿ ಹಾಕ್ತೀನಿ" ಅಂದ.

ನನಗೆ ಮೈಯೆಲ್ಲ ಉರಿಯಿತು. ಕಾಗದ ಕಳಿಸಲು ನಾಲ್ಕೇ ದಿನ ಇತ್ತು. ಇಷ್ಟು ವರ್ಷ ಓದಿದ್ದೆಲ್ಲ ಒಂದು ಒದ್ದೆ ಹೂವಿನ ಕೈಗೆ ಹೋಗಿತ್ತು.

ಮಂಗಳವಾರ ಬೆಳಿಗ್ಗೆ ಗುಡಿಗೆ ಹೋದೆವು. ಮಕ್ಕಳ ವಿಷಯವಾದರೆ ಹೆತ್ತವಳೇ ಕೇಳಬೇಕು. ಅವ್ವ ತಲೆ ಮೇಲೆ ಸೆರಗು ಹೊದ್ದು ಕಣ್ಣು ಮುಚ್ಚಿದಳು. ಹೂ ನೋಡಲೇಬಾರದು ಎಂದುಕೊಂಡಿದ್ದ ನಾನು ಹೂವನ್ನೇ ನೋಡುತ್ತ ನಿಂತಿದ್ದೆ. ಬಹಳ ಹೊತ್ತಿನ ಮೇಲೆ ಬಲಗಡೆಯ ಮಲ್ಲಿಗೆ ಜಾರಿ ಬಿತ್ತು.

"ಏನಂತಾಳವ್ವ ತಾಯಿ?" ದೊಡ್ಡಪ್ಪ ಕೇಳಿದ.

ಅವ್ವ ನನ್ನ ಕಡೆ ಒಮ್ಮೆ ನೋಡಿದಳು. "ಹೋಗ್ಲಿ ಅಂತಾಳ್ರಿ ಭಾವ" ಅಂದಳು.

ದೊಡ್ಡಪ್ಪ ಮಾತಿಗೆ ತಪ್ಪಲಿಲ್ಲ, ಗುಡಿಯ ಕಟ್ಟೆಯ ಮೇಲೇ ಕೂತು ಸಹಿ ಹಾಕಿದ. ದೇವಿ ಕೊಟ್ಟ ಹೂವನ್ನು ಮುಡಿದುಕೊಳ್ಳುವುದು ರೂಢಿ. ಅವ್ವ ಮುಡಿಯಲಿಲ್ಲ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮಗಳು ಹೊರಡುವ ಸಂಕಟ ಇರಬೇಕು ಎಂದುಕೊಂಡೆ.

ಆಮೇಲೆ ಅವಳು ಗುಡಿಗೆ ಹೋಗುವುದನ್ನೇ ಬಿಟ್ಟಳು. ಮಲ್ಲಿಗೆ ತೋಟದಲ್ಲಿ ಮೊಗ್ಗು ಬಿಡಿಸಿ ಬರುವಾಗಲೂ ಗುಡಿ ಮುಂದಿನ ದಾರಿ ಬಿಟ್ಟು ಸುತ್ತುಹಾಕಿ ಬರುತ್ತಿದ್ದಳು. ವೀಸಾ ಬಂತು. ಶೇಂಗಾ ಚಟ್ನಿಪುಡಿ, ಸ್ವೆಟರ್, ಸರ್ಟಿಫಿಕೇಟು ಎಲ್ಲ ಚೀಲ ಸೇರಿದವು. ಹೊರಡುವ ಹಿಂದಿನ ದಿನ ದೇವಿಗೆ ಉಡಿ ತುಂಬಿ ಬರೋಣ ಎಂದು ನಾನೇ ಅವ್ವನನ್ನು ಎಳೆದುಕೊಂಡು ಹೋದೆ. ಹೊಸ್ತಿಲ ಹತ್ತಿರ ಅವಳು ನಿಂತುಬಿಟ್ಟಳು.

"ನೀ ಹೋಗಿ ತುಂಬಿ ಬಾ. ನಾ ಒಳಗ ಬರಂಗಿಲ್ಲ."

"ಯಾಕವ್ವ? ಹೂ ಕೊಟ್ಟಾಕಿ ಆಕಿನ ಅಲ್ಲೇನು?"

"ನಾ ಕೇಳಿದ್ದು ಬ್ಯಾರೆ ಇತ್ತು" ಅಂದಳು ಅವ್ವ. "ಮಗಳು ನನ್ನ ಹತ್ರಾನ ಇರಬೇಕಂದ್ರ ಬಲಕ್ಕ ಕೊಡು ತಾಯಿ ಅಂದಿದ್ದೆ. ಬಲಕ್ಕ ಕೊಟ್ಟಳು."

"ಮತ್ತ ಹೋಗ್ಲಿ ಅಂತಾಳ ಅಂದ್ಯಲ್ಲ?"

"ಕಣ್ಣು ಬಿಟ್ಟಾಗ ನಿನ್ನ ಮಾರಿ ನೋಡಿದೆ. ಬ್ಯಾಡ ಅನ್ನಾಕ ಬಾಯಿ ಬರ್ಲಿಲ್ಲ. ಆಕಿ ಸಿಟ್ಟು ನನ್ನ ಮ್ಯಾಲಿರ್ಲಿ, ನಿನಗೊಂದು ತಟ್ಟದಿದ್ರ ಸಾಕು."

ನೀರು ಆರಿದ ಮೇಲೆ ಯಾವ ಹೂವಾದರೂ ಬೀಳುತ್ತದೆ ಎಂದು ಆಗ ಹೇಳಬೇಕಿತ್ತು. ಅಷ್ಟು ವರ್ಷ ಗೇಲಿ ಮಾಡಿದ ಬಾಯಿಗೆ ಆ ಮಾತು ಬರಲಿಲ್ಲ. ಒಬ್ಬಳೇ ಒಳಗೆ ಹೋಗಿ ಉಡಿ ತುಂಬಿದೆ. ಅವ್ವ ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿದ್ದಳು.

ಮರುದಿನ ಹೊರಟೆ. ಹೋಗದೆ ಉಳಿದರೆ ಅವಳ ಸುಳ್ಳು ದಂಡವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಹೋಗುವ ಆಸೆಯೂ ಇತ್ತು.

ಈಗ ಪ್ರತಿ ಭಾನುವಾರ ಅವ್ವನ ಫೋನ್ ಬರುತ್ತದೆ. ಊಟ ಆಯಿತೇ ಎಂದು ಮೊದಲು ಕೇಳುವುದಿಲ್ಲ, ಆರಾಮ ಅದಿಯೇನು ಎಂದು ಕೇಳಿ ಉಸಿರು ಹಿಡಿದು ಕಾಯುತ್ತಾಳೆ. ಹೋದ ತಿಂಗಳು ಮೂರು ದಿನ ಜ್ವರದಲ್ಲಿ ಏಳಲಾಗದೆ ಬಿದ್ದಿದ್ದೆ. ಫೋನ್ ಬಂದಾಗ ಎದ್ದು ಕೂತು, ಗಂಟಲು ಸರಿಮಾಡಿಕೊಂಡು, "ಆರಾಮ ಅದೀನವ್ವ" ಎಂದೆ.