ಅಪ್ಪನ ಮೈನಸ್

ಅಪ್ಪನಿಗೆ ಗಣಿತ ಬರುತ್ತಿರಲಿಲ್ಲ. ಕಡೂರಿನಲ್ಲಿ ನಮ್ಮದೊಂದು ಪೈಪು, ನಲ್ಲಿಗಳ ಅಂಗಡಿ. ಅಲ್ಲಿನ ಕೂಡು-ಕಳೆ ಬಿಟ್ಟರೆ ಬೇರೆ ಲೆಕ್ಕ ಅವರಿಗೆ ಬೇಕಿರಲಿಲ್ಲ. ಆದರೂ ನನ್ನ ಇಂಜಿನಿಯರಿಂಗ್ ಗಣಿತವನ್ನು ದಿನಾ ಒಪ್ಪಿಸಿಕೊಳ್ಳುತ್ತಿದ್ದವರು ಅವರೇ. ಚಿಕ್ಕಂದಿನಲ್ಲಿ ಮಠದ ಹಾಸ್ಟೆಲ್ಲಿನಲ್ಲಿದ್ದು ಓದಿದವರು. ಅಲ್ಲಿ ಬೆಳಗ್ಗೆ ಎದ್ದು ವಚನ ಒಪ್ಪಿಸಬೇಕಿತ್ತಂತೆ, ಒಂದು ಪದ ತಪ್ಪಿದರೂ ಮತ್ತೆ ಮೊದಲಿಂದ. ಓದು ಅಂದರೆ ಇಷ್ಟೇ ಎಂದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ನನ್ನ ತಲೆಯಲ್ಲೂ ಅದನ್ನೇ ಕೂರಿಸಿದರು.

ಅಂಗಡಿ ಮುಚ್ಚಿ ಬಂದು ಕೈಕಾಲು ತೊಳೆದು, ಊಟಕ್ಕೆ ಮೊದಲು ನನ್ನ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದರು. ನಾನು ಅದರಲ್ಲಿನ ಲೆಕ್ಕವೊಂದನ್ನು ಮೊದಲ ಸಾಲಿನಿಂದ ಗಟ್ಟಿಯಾಗಿ ಹೇಳಬೇಕು. ಅವರು ಒಂದೊಂದು ಗುರುತಿನ ಮೇಲೂ ಬೆರಳಿಟ್ಟು ನೋಡುತ್ತಾ ಬರುವರು. ಅರ್ಥವಾಯಿತೇ ಎಂದು ಅವರು ಕೇಳಲಿಲ್ಲ. ನನ್ನನ್ನು ನಾನೂ ಕೇಳಿಕೊಳ್ಳಲಿಲ್ಲ. ಮೊದಲ ವರ್ಷದ ಎರಡೂ ಗಣಿತ ಹಾಗೇ ಪಾಸಾದವು ಅನ್ನಿ.

ಮೂರನೆಯ ಗಣಿತಕ್ಕೆ ಬೀರೂರು ಸ್ಟೇಷನ್ನಿನ ಹತ್ತಿರದ ಅಂಗಡಿಯಿಂದ ಹಳೇ ಗೈಡೊಂದನ್ನು ತಂದಿದ್ದೆ. ಅದರಲ್ಲಿ ಫೋರಿಯರ್ ಸರಣಿಯ ಒಂದು ಲೆಕ್ಕ. ಇಂಟಿಗ್ರೇಟ್ ಮಾಡುವ ಸಾಲಿನಲ್ಲಿ ಎರಡು ತುಂಡು, ನಡುವೆ ಒಂದು ಮೈನಸ್. ಒಂದು ಸಂಜೆ ಬಾಯಿತಪ್ಪಿ ಅಲ್ಲಿ ಪ್ಲಸ್ ಅಂದುಬಿಟ್ಟೆ. ಅಪ್ಪ ಹಾಳೆಯ ಮೇಲೆ ಬೆರಳಿನಿಂದ ಕುಟ್ಟಿದರು.

"ಮೈನಸ್ ಐತೆ ಕಣವ್ವ ಇಲ್ಲಿ. ಮೊದ್ಲಿಂದ ಹೇಳು."

ಮೊದಲಿಂದ ಹೇಳಿದೆ. ಆಮೇಲೆ ಆ ಜಾಗದಲ್ಲಿ ಯಾವತ್ತೂ ತಪ್ಪಲಿಲ್ಲ.

ಆ ಪೇಪರಿನಲ್ಲಿ ಎರಡು ಸಲ ನಾಲ್ಕೈದು ಅಂಕದಲ್ಲಿ ಫೇಲಾದೆ. ಎರಡು ಸಲವೂ ಆ ಲೆಕ್ಕ ಬಂದಿತ್ತು, ಗೈಡಿನ ಸಾಲನ್ನೇ ಬರೆದು ಬಂದಿದ್ದೆ, ಯಾಕೆ ಹೋಯಿತೋ ತಿಳಿಯಲಿಲ್ಲ. ಮೂರನೇ ಸಲವೂ ಹೋದರೆ ಒಂದು ವರ್ಷ ಮನೆಯಲ್ಲಿ ಕೂರಬೇಕಿತ್ತು. ಮನೆಯಲ್ಲಿ ಕೂರಿಸುವ ಬದಲು ಮದುವೆ ಮಾಡಿಬಿಡೋಣ, ಸಿಂಗಟಗೆರೆ ಕಡೆ ಒಳ್ಳೆ ಹುಡುಗ ಇದ್ದಾನೆ ಎಂದು ದೊಡ್ಡಪ್ಪ ಆಗಲೇ ಶುರು ಹಚ್ಚಿಕೊಂಡಿದ್ದರು. ಅವಳು ಬರೆಯುತ್ತಾಳೆ, ಸುಮ್ಮನಿರು ಎಂದು ಅಪ್ಪ ಅವರ ಬಾಯಿ ಮುಚ್ಚಿಸಿದ್ದರು.

ಪರೀಕ್ಷೆ ಹತ್ತಿರ ಬಂದಾಗ ಅಪ್ಪ ಹೋಗಿಬಿಟ್ಟರು. ಮಧ್ಯಾಹ್ನ ಗಿರಾಕಿಯೊಬ್ಬರಿಗೆ ನಲ್ಲಿ ತೋರಿಸುತ್ತಾ ಕೂತಲ್ಲೇ ಕುಸಿದರಂತೆ. ಅಜ್ಜಂಪುರದ ಹತ್ತಿರ ನಮ್ಮದೇ ಹೊಲದಲ್ಲಿ ಸಮಾಧಿ ಮಾಡಿದರು. ನಾನು ಅಳಲಿಲ್ಲ. ಎಂಥಾ ಕಲ್ಲು ಮನಸ್ಸಪ್ಪಾ ಈ ಹುಡುಗಿದು ಎಂದು ಯಾರೋ ಬೆನ್ನ ಹಿಂದೆಯೇ ಅಂದರು. ಅನ್ನಲಿ ಬಿಡಿ, ಅವರಪ್ಪನ ಗಂಟೇನು ಹೋಗಬೇಕು! ಜೋಮು ಹಿಡಿದ ಕಾಲಿನ ಹಾಗಾಗಿತ್ತು ನನಗೆ. ಕಾಲು ಇದೆ, ನನ್ನದೇ, ಆದರೆ ಮುಟ್ಟಿದರೆ ಗೊತ್ತಾಗುತ್ತಿಲ್ಲ.

ಅಜ್ಜಂಪುರದಲ್ಲಿ ಅಪ್ಪನ ಗಣಾರಾಧನೆ ಇಟ್ಟುಕೊಂಡಿದ್ದ ದಿನವೇ ಪರೀಕ್ಷೆ ಬಿತ್ತು. ಸ್ವಾಮಿಗಳು ಬರುತ್ತಾರೆ, ಜನ ಊಟಕ್ಕೆ ಕೂರುತ್ತಾರೆ, ಸತ್ತವರ ಮಗಳೇ ಇಲ್ಲದಿದ್ದರೆ ಹೇಗೆ ಎಂದು ದೊಡ್ಡಪ್ಪ ತಕರಾರು ತೆಗೆದರು. ಅಮ್ಮ ತಲೆ ಎತ್ತದೆ, ಅವರಿದ್ದಿದ್ದರೆ ಕಳಿಸುತ್ತಿದ್ದರು, ಹೋಗಲಿ ಅಂದರು. ಅಜ್ಜಂಪುರದಿಂದ ಬಸ್ಸಿನಲ್ಲಿ ತರೀಕೆರೆಗೆ, ಅಲ್ಲಿಂದ ರೈಲಿನಲ್ಲಿ ಶಿವಮೊಗ್ಗದ ಕಾಲೇಜಿಗೆ ಹೋದೆ. ದಾರಿಯಲ್ಲಿ ಪುಸ್ತಕ ತೆಗೆಯಲೂ ಮನಸ್ಸಾಗಲಿಲ್ಲ.

ಈ ಸಲವೂ ಪೇಪರಿನಲ್ಲಿ ಆ ಲೆಕ್ಕವೇ ಬಂದಿತ್ತು, ಅಂಕಿ ಮಾತ್ರ ಬೇರೆ. ಬಾಯಿಪಾಠದಂತೆ ಮೈನಸ್ ಹಾಕಿ ಮುಗಿಸಿದೆ. ಮೊದಲಾದರೆ ಭಯಕ್ಕೆ ಗಡಿಯಾರ ನೋಡುತ್ತಲೇ ಬರೆಯುತ್ತಿದ್ದೆ. ಈಗ ಭಯವೂ ಇಲ್ಲ, ಆಸೆಯೂ ಇಲ್ಲ, ಸಮಯ ಮಾತ್ರ ಬೇಕಾದಷ್ಟು ಉಳಿದಿತ್ತು. ಇಂಟಿಗ್ರೇಟ್ ಮಾಡಿದ್ದನ್ನು ಹಿಂದಕ್ಕೆ ಡಿಫರೆನ್ಷಿಯೇಟ್ ಮಾಡಿದರೆ ಹೊರಟಲ್ಲಿಗೇ ಬರಬೇಕು ಎಂದು ಕ್ಲಾಸಿನಲ್ಲಿ ಮೇಡಂ ಹೇಳಿದ್ದು ಸುಮ್ಮನೆ ನೆನಪಾಯಿತು. ಮಾಡಿ ನೋಡಿದೆ. ಬರಲಿಲ್ಲ. ಮತ್ತೆ ಮಾಡಿದೆ, ಒಂದು ತುಂಡು ಹೆಚ್ಚಾಗಿ ಉಳಿಯಿತು. ಮೈನಸ್ ಇದ್ದಲ್ಲಿ ಪ್ಲಸ್ ಇಟ್ಟು ನೋಡಿದರೆ ಸರಿಯಾಗಿ ಬಂತು. ಗೈಡಿನಲ್ಲೇ ತಪ್ಪು ಅಚ್ಚಾಗಿತ್ತು.

ಅಯ್ಯೋ ಶಿವನೇ, ಇದಕ್ಕಾ ನಾನು ಎರಡು ಸಲ ಡುಮ್ಕಿ ಹೊಡೆದದ್ದು ಎಂದು ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬೇರೇನೂ ಬೇಕಿರಲಿಲ್ಲ, ಆ ಮೈನಸ್ಸಿನ ನಡುವೆ ಒಂದು ಗೀಟು ಎಳೆದು ಮುಂದಿನ ಸಾಲುಗಳನ್ನು ತಿದ್ದಿದರೆ ಆಯಿತು. ಕೈ ಏಳಲಿಲ್ಲ. ಅತ್ತ ಜನ ಅಪ್ಪನ ಹೆಸರಿನಲ್ಲಿ ಊಟಕ್ಕೆ ಕೂತಿದ್ದಾರೆ, ಇತ್ತ ನಾನು ಅಪ್ಪ ಹೇಳಿದ್ದು ತಪ್ಪು ಎಂದು ಬರೆಯಬೇಕು. ಕೊನೆಗೆ ಗೀಟು ಎಳೆದೆ.

ಪಾಸಾದೆ. ಫೋನಿನಲ್ಲಿ ರಿಸಲ್ಟ್ ನೋಡಿ ಅಮ್ಮನಿಗೆ ಹೇಳಿದೆ. ಒಳ್ಳೇದಾಯ್ತು ಬಿಡು ಎಂದು ಅಮ್ಮ ಒಲೆಯ ಉರಿ ಸಣ್ಣ ಮಾಡಿದರು. ದೊಡ್ಡಪ್ಪನ ಮದುವೆ ಮಾತು ಅಲ್ಲಿಗೆ ನಿಂತಿತು. ನನಗೆ ಖುಷಿಯೂ ಆಗಲಿಲ್ಲ.

ಸಂಜೆ, ಅಪ್ಪ ಅಂಗಡಿ ಮುಚ್ಚಿ ಬರುತ್ತಿದ್ದ ಹೊತ್ತಿಗೆ, ಅಮ್ಮ ಬಂದು ಅಪ್ಪನ ಜಾಗದಲ್ಲಿ ಕೂತರು. ಗೈಡನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಯಾವುದೋ ಒಂದು ಪುಟ ತೆರೆದಿದ್ದರು.

"ಒಪ್ಸು."

ಪಾಸಾಯಿತಲ್ಲಮ್ಮ, ಇನ್ಯಾಕೆ ಅಂದೆ. ಆದರೇನು, ಈ ಹೊತ್ತಿಗೆ ಮನೆಯಲ್ಲಿ ನಿಮ್ಮಿಬ್ಬರ ಗಲಾಟೆ ಇರುತ್ತಿತ್ತು, ಸುಮ್ಮನಿದ್ದರೆ ಆಗುವುದಿಲ್ಲ ನನಗೆ ಅಂದರು. ಆ ಲೆಕ್ಕವನ್ನೇ ಮೊದಲ ಸಾಲಿನಿಂದ ಹೇಳತೊಡಗಿದೆ. ಆ ಜಾಗ ಬಂದಾಗ ಪ್ಲಸ್ ಅಂದೆ.

ಅಮ್ಮ ತಡೆದರು. ಇಷ್ಟು ದಿನವೂ ಅಡುಗೆಮನೆಯಿಂದಲೇ ಕೇಳಿಸಿಕೊಂಡಿದ್ದರು.

"ಅಲ್ಲಿ ಮೈನಸ್ ಅಲ್ವೇನೇ? ನಿಮ್ಮಪ್ಪ ಹಂಗೇ ಹೇಳಿಸ್ತಿದ್ರು."

ಹೌದಮ್ಮ, ಮೈನಸ್ಸೇ ಅಂದೆ. ಮತ್ತೆ ಮೊದಲಿಂದ ಶುರು ಮಾಡಿದೆ. ಆ ಸಾಲಿಗೆ ಬರುವಷ್ಟರಲ್ಲಿ ಅಳು ಬಂದು ಮುಂದೆ ಹೇಳಲಾಗಲಿಲ್ಲ.