ಡೊಂಬಿವಲಿಯಲ್ಲಿ ಜಗಿದ ವೀಳ್ಯ

ಮನೆ ಕೊಳ್ಳುವುದಕ್ಕೂ ಮನಶ್ಶಾಸ್ತ್ರಕ್ಕೂ ಏನು ಸಂಬಂಧ ಎಂದು ನನಗೆ ತಿಳಿಸಿಕೊಟ್ಟವನು ನನ್ನ ಅಕ್ಕನ ಮಗ. ತಿಳಿದ ದಿನ ಏರಿದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ನಾನು ಮುಂಬಯಿ ಹತ್ತಿರದ ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ನಡುವೆ ಒಂದು ಕ್ಯಾಂಟೀನಿನ ಗಲ್ಲಾದಲ್ಲಿ ಕೂತು ಆಯುಸ್ಸು ಸವೆಸಿದವನು. ಈಗ ವರ್ತಕ ನಗರದ ಅಕ್ಕನ ಮನೆಯಲ್ಲಿದ್ದೇನೆ. ಗಳಿಸಿದ್ದು ಹೇಳಿಕೊಳ್ಳುವಂಥದ್ದೇನಿಲ್ಲ. ಮಾತು ಮಾತ್ರ ಉಂಟು. ಅಜ್ಜಿಯ ಮಡಿಲಲ್ಲಿ, ಅಜ್ಜನ ಚಾವಡಿಯಲ್ಲಿ ಕಿವಿಯಿಂದ ಕಲಿತ ಮಾತು. ನಾಲ್ಕು ಜನ ಕೂತರೆ ಒಂದು ಕಥೆ ಹೇಳದೆ ಎದ್ದವನಲ್ಲ ನಾನು. ಅಳಿಯ ಮಾತ್ರ ಚಿಕ್ಕಂದಿನಿಂದಲೂ ನನ್ನ ಕಥೆ ಶುರುವಾದರೆ ಫೋನು ಹಿಡಿದು ಬಾಲ್ಕನಿಗೆ ಹೋಗುತ್ತಿದ್ದ. ಅವನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಹಿಂದಿ ಬೆರೆಸಿ. ತುಳು ಕೇಳಿದರೆ ನಗುತ್ತಾನೆ.

ಅವನು ಕಳೆದ ಕೆಲವು ವರ್ಷಗಳಿಂದ ಗೆಳೆಯರ ಜೊತೆ ಸೇರಿ ಹಳೆಯ ಫ್ಲ್ಯಾಟುಗಳನ್ನು ಕಡಿಮೆಗೆ ಕೊಂಡು ಹೆಚ್ಚಿಗೆ ಮಾರುತ್ತಾನೆ. ನಾವೆಲ್ಲ ಅದಕ್ಕೆ ದಲ್ಲಾಳಿತನ ಅನ್ನುತ್ತಿದ್ದೆವು. ಅವನು ಇನ್ವೆಸ್ಟ್‌ಮೆಂಟ್ ಅನ್ನುತ್ತಾನೆ. ಇರಲಿ, ಹೊಟ್ಟೆಪಾಡು. ಒಂದು ಭಾನುವಾರ, "ಮಾವ, ನವಿ ಮುಂಬಯಿಯಲ್ಲಿ ಒಂದು ಕ್ಲಾಸ್ ಹೈ. ಆಪ್ ಭೀ ಚಲೋ. ಊಟ ಫ್ರೀ," ಅಂದ. ಅಳಿಯ ಕರೆದನಲ್ಲ ಎಂಬ ಸಂತೋಷಕ್ಕೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟೆ.

ಹೋಟೆಲಿನ ತಣ್ಣನೆಯ ಸಭಾಂಗಣ. ವೇದಿಕೆಯ ಮೇಲೆ ಟೈ ಕಟ್ಟಿದ ತರುಣ. ಆಸ್ತಿ ವ್ಯವಹಾರದಲ್ಲಿ ಮನಶ್ಶಾಸ್ತ್ರ ಬಳಸುವುದು ಹೇಗೆ ಎಂಬುದು ಅಂದಿನ ಪಾಠ. ಅವನು ಹಿಂದಿ ಇಂಗ್ಲಿಷು ಕಲಸಿ ಹೇಳಿದ್ದರ ಸಾರ ಇಷ್ಟು: ಮಾರುವವರ ಮನೆಗೆ ಹೋದರೆ ಮೊದಲೇ ದರದ ಮಾತು ಎತ್ತಬೇಡಿ, ಅವರ ಭಾಷೆಯಲ್ಲಿ ಮಾತಾಡಿ, ಸಂಬಂಧ ಹಚ್ಚಿ ಕರೆಯಿರಿ. ದರ ಹೇಳಿದ ಮೇಲೆ ಬಾಯಿ ಮುಚ್ಚಿ. ಮೊದಲು ಬಾಯಿ ಬಿಟ್ಟವನು ಸೋತ. ಬೇರೆ ಕಡೆಯೂ ಮನೆ ನೋಡುತ್ತಿದ್ದೀರಿ ಎಂದು ಅವರಿಗೆ ಅನಿಸಬೇಕು. ಏಳುವ ಮೊದಲು ಅವರ ಕೈಯಿಂದ ಒಂದು ಸಣ್ಣ ಒಪ್ಪಿಗೆಯ ಕೆಲಸ ಮಾಡಿಸಿ, ಆಮೇಲೆ ಅವರು ಹಿಂದೆ ಸರಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಎದುರಿನವರಿಗೆ ನೋವು ಎಲ್ಲಿದೆ ಎಂದು ಹುಡುಕಿ. ನೋವು ಸಿಕ್ಕಿದರೆ ದರ ಸಿಕ್ಕಿತು.

ಸುತ್ತ ಕೂತವರೆಲ್ಲ ತಲೆಯಾಡಿಸಿದರು. ನನಗೆ ಅಜ್ಜಿ ನೆನಪಾದಳು.

ಅಜ್ಜಿಯೂ ಚೌಕಾಸಿಗೆ ಹೆಸರಾದವಳೇ. ಮೀನಿನ ಹೆಂಗಸು ಬುಟ್ಟಿ ಇಳಿಸಿದರೆ ಅಂಗಳದಲ್ಲಿ ನಮಗೆ ಆಟ ನೋಡುವ ಸಂಭ್ರಮ. "ಇದು ಬಂಗುಡೆಯಾ, ಬಂಗುಡೆಯ ಪ್ರೇತವಾ?" ಎಂದು ಅಜ್ಜಿ. "ನಿಮ್ಮ ಹಲ್ಲಿಗೆ ಇದೇ ಸಾಕು," ಎಂದು ಅವಳು. ಅಜ್ಜಿ ಎದ್ದು ಒಳಗೆ ಹೋಗುವುದು, ಅವಳು ಬುಟ್ಟಿ ಎತ್ತಿದ ಹಾಗೆ ಮಾಡುವುದು, ಇಬ್ಬರೂ ತಿರುಗಿ ನೋಡುವುದು. ಇಬ್ಬರಿಗೂ ಅದು ಆಟವೆಂದು ಗೊತ್ತು, ಆಟದ ನಿಯಮವೂ ಗೊತ್ತು. ಒಂದು ದಿನ ಮಾತ್ರ ಅವಳು ಬಂದವಳೇ ಸುಮ್ಮನೆ ಕೂತಳು. ಮನೆಯಲ್ಲಿ ಮಗುವಿಗೆ ಜ್ವರ. ಅಂದು ಅಜ್ಜಿ ಅವಳು ಹೇಳಿದ ದರಕ್ಕೆ ತುಟಿ ಎರಡು ಮಾಡದೆ ಮೀನು ತೆಗೆದುಕೊಂಡು, ಗಂಜಿ ಕುಡಿಸಿ ಕಳಿಸಿದಳು. ಎದುರಿನವಳ ನೋವು ತಿಳಿದ ದಿನ ಅಜ್ಜಿ ಚೌಕಾಸಿ ನಿಲ್ಲಿಸುತ್ತಿದ್ದಳು. ಇಲ್ಲಿ ಈ ಟೈ ಕಟ್ಟಿದವನು ಚೌಕಾಸಿ ಅಲ್ಲಿಂದಲೇ ಶುರು ಮಾಡಿ ಅನ್ನುತ್ತಾನೆ. ಅದಕ್ಕೆ ಜನ ದುಡ್ಡು ಕೊಟ್ಟು ಬಂದು ಕೂತಿದ್ದಾರೆ.

ಹಿಂದಿರುಗುವಾಗ ಕಾರಿನಲ್ಲಿ ಅಳಿಯ ಕೇಳಿದ, "ಮಾವ, ಊರಲ್ಲಿ ಹಿಂದೆ ಡೀಲ್ ಹೇಗೆ ಪಕ್ಕಾ ಮಾಡ್ತಿದ್ರು?"

ಹುಟ್ಟಿದ ಮೇಲೆ ಅವನು ನನ್ನಲ್ಲಿ ಕೇಳಿದ ಮೊದಲ ಕಥೆ. ನಾನು ಉಬ್ಬಿಹೋದೆ. ಅಜ್ಜ ಕೋಣಗಳ ಜೋಡಿ ಮಾರಿದ ಕಥೆ ಹೇಳಿದೆ. ಕೊಳ್ಳುವವರ ಕಡೆಯ ಹಿರಿಯರು ಹರಿವಾಣದಲ್ಲಿ ವೀಳ್ಯದೆಲೆ, ಅಡಿಕೆ ಇಟ್ಟು ಅಜ್ಜನ ಕೈಗೆ ಕೊಟ್ಟರು. ಸಂಜೆ ಇನ್ನೊಬ್ಬರು ಬಂದು ಅದಕ್ಕಿಂತ ಹೆಚ್ಚು ಕೊಡುತ್ತೇವೆ ಅಂದರು. "ವೀಳ್ಯ ಹಿಡಿದಾಗಿದೆ," ಎಂದು ಅಜ್ಜ ಅವರಿಗೆ ಬೆಲ್ಲ ನೀರು ಕೊಟ್ಟು ಕಳಿಸಿಬಿಟ್ಟರು. ನಮ್ಮವರಲ್ಲಿ ಹಿರಿಯರ ಕೈಯಿಂದ ವೀಳ್ಯ ಹಿಡಿದರೆ ಮುಗಿಯಿತು, ಸಹಿ ಬೇಡ, ಸಾಕ್ಷಿ ಬೇಡ. ಅಳಿಯ ಮುಂದಿನ ಗಾಡಿಯನ್ನೂ ಸರಿಯಾಗಿ ನೋಡದೆ ಕಿವಿಗೊಟ್ಟ. ಇವನಿಗೂ ಕಥೆಯ ರುಚಿ ರಕ್ತದಲ್ಲಿ ಉಂಟು ಅಂದುಕೊಂಡೆ.

ಮುಂದಿನ ವಾರ ಡೊಂಬಿವಲಿಗೆ ಕರೆದುಕೊಂಡು ಹೋದ. ಎಂಐಡಿಸಿ ಕಾರ್ಖಾನೆಗಳ ಹತ್ತಿರ ಹಳೆಯ ಕಟ್ಟಡ, ಲಿಫ್ಟ್ ಇಲ್ಲ. ಕೊನೆಯ ಮಹಡಿಯಲ್ಲಿ ನಮ್ಮ ಉಡುಪಿ ಕಡೆಯ ಒಬ್ಬರು ಅಮ್ಮ. ಗಂಡ ಹೋಟೆಲುಗಳಲ್ಲಿ ಅಡುಗೆ ಮಾಡಿ ಆ ಮನೆ ಮಾಡಿದ್ದರು, ಈಗ ಅವರಿಲ್ಲ. ಮೆಟ್ಟಿಲು ಹತ್ತುವ ಮೊದಲು ಅಳಿಯ ಹೇಳಿದ, "ಆಪ್ ಬಸ್ ಬಾತೇಂ ಕರೋ, ಬಾಕಿ ಮೈ ದೇಖ್ತಾ ಹೂಂ." ನೀವು ಮಾತಾಡಿದರೆ ಸಾಕು, ಉಳಿದದ್ದು ನನಗೆ ಬಿಡಿ ಎಂದು.

ಮಾತಾಡುವುದಕ್ಕೆ ನನಗೆ ಯಾರಾದರೂ ಹೇಳಿಕೊಡಬೇಕೇ? ಹೋದೆವು, ಕೂತೆವು. ನಾನು ಆ ಅಮ್ಮನನ್ನು ಅಕ್ಕ ಅಂದೆ, ಅವರು ನನ್ನನ್ನು ಅಣ್ಣ ಅಂದರು. ಅಳಿಯ ದೊಡ್ಡಮ್ಮ ಅಂದ. ಅವನ ಬಾಯಲ್ಲಿ ಆಂಟಿ ಬಿಟ್ಟು ಬೇರೆ ಕೇಳಿದವನಲ್ಲ ನಾನು, ಕಿವಿ ತಂಪಾಯಿತು. ಮೀನಿನ ಹೆಂಗಸಿನ ಕಥೆ ಹೇಳಿದೆ. ಅವರು ಸೆರಗು ಬಾಯಿಗೆ ಒತ್ತಿ ನಕ್ಕರು. ನಕ್ಕವರು ಆಮೇಲೆ ಎಲ್ಲವನ್ನೂ ಹೇಳಿದರು. ಮಂಡಿ ಕೈಕೊಟ್ಟಿದೆ. ಕೆಳಗೆ ಇಳಿದರೆ ಹತ್ತಲಾಗುವುದಿಲ್ಲ ಎಂದು ಇಳಿಯುವುದೇ ಇಲ್ಲ. ಮಗಳು ಕಲ್ಯಾಣದಲ್ಲಿ. ಈ ಮನೆ ಮಾರಿ ಮಗಳ ಮನೆಯ ಹತ್ತಿರ ನೆಲಮಹಡಿಯಲ್ಲಿ ಒಂದು ಕೋಣೆ ಆದರೂ ತೆಗೆದುಕೊಳ್ಳಬೇಕು.

"ಮಗಳು ನಮ್ಮಲ್ಲೇ ಇರಿ ಅಂತಾಳೆ," ಅಂದರು. "ಅಳಿಯನೂ ಒಳ್ಳೆಯವ, ಸುಳ್ಳು ಯಾಕೆ ಹೇಳುದು. ಆದ್ರೂ ಅಣ್ಣ, ಅಳಿಯನ ಮನೆ ಹಾಲಿನಲ್ಲಿ ಚಾಪೆ ಹಾಸಿ ಮಲಗುದು ನನಗೆ ಬೇಡ. ರಾತ್ರಿ ಕೆಮ್ಮು ಬಂದ್ರೂ ಹೆದರ್ಬೇಕು."

ನನ್ನ ಪಕ್ಕದಲ್ಲಿ ಅಳಿಯ ಮುಂದಕ್ಕೆ ಬಾಗಿ, ಫೋನು ಮಗುಚಿಟ್ಟು, ಕಣ್ಣು ಕದಲಿಸದೆ ಕೇಳುತ್ತಿದ್ದ.

ಎರಡನೆಯ ಸಲ ಹೋಗುವಾಗ ಕಾರಿನಲ್ಲಿ ಅವನಿಗೆ ಗೆಳೆಯನ ಫೋನು ಬಂತು. ಸ್ಪೀಕರಿನಲ್ಲಿಯೇ ಮಾತು. ಆ ಕಟ್ಟಡ ಒಡೆದು ಹೊಸದು ಕಟ್ಟುವುದು ಅಲ್ಲಿನ ನಿವಾಸಿಗಳ ಸೊಸೈಟಿಯ ಮೀಟಿಂಗಿನಲ್ಲಿ ಹೆಚ್ಚುಕಡಿಮೆ ನಿಶ್ಚಯವಾಗಿದೆಯಂತೆ. ಹಳೆಯ ಮನೆ ಇದ್ದವರಿಗೆಲ್ಲ ಬಿಲ್ಡರ್ ಹೊಸ ಮನೆ ಕೊಡುತ್ತಾನೆ, ನೋಟೀಸು ಗೋಡೆಗೆ ಅಂಟುವ ಮೊದಲು ಕೊಂಡರೆ ಲಾಭ. ಅಳಿಯ ಅಂದ, "ಬುಡ್ಢೀ ಕೋ ಕುಛ್ ಪತಾ ನಹೀಂ. ಮೀಟಿಂಗಿಗೆ ಇಳಿದೇ ಇಲ್ಲ, ಮಂಡಿ ನೋವು."

ಮೇಲೆ ಹೋದರೆ ದೊಡ್ಡಮ್ಮ, ಕಾರಿನಲ್ಲಿ ಏನೂ ಗೊತ್ತಿಲ್ಲದ ಬುಡ್ಢಿ, ಮುದುಕಿ. ನನ್ನ ಮೈ ಉರಿಯಿತು. "ಇದೆಂತ ಮಾರಾಯ, ಮುದುಕಿಗೆ ಮೋಸ ಅಲ್ವಾ?" ಅಂದೆ.

"ಮೋಸ ಅಲ್ಲ ಮಾವ, ನೆಗೋಶಿಯೇಶನ್. ನಾನು ಸುಳ್ಳು ಹೇಳ್ತಾ ಇಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಸಬ್ ಯಹೀ ಕರ್ತೇ ಹೈಂ."

ಎಲ್ಲರೂ ಮಾಡುವುದು ಇದನ್ನೇ ಅಂತೆ. ಅಲ್ಲೇ ಇಳಿದುಬಿಡಬಹುದಿತ್ತು. ಇಳಿದರೆ ಇವನೊಬ್ಬನೇ ಮೇಲೆ ಹೋಗುತ್ತಾನಲ್ಲ ಎಂದು ಹಲ್ಲು ಕಚ್ಚಿ ಕೂತೆ.

ಆ ಅಮ್ಮ ನಮಗಾಗಿ ನೀರುದೋಸೆ ಹೊಯ್ದು ಇಟ್ಟಿದ್ದರು. ತಿಂದಾದ ಮೇಲೆ ತಮಗೆ ಎಷ್ಟು ಬರಬೇಕೆಂದು ಹೇಳಿದರು. ಕಲ್ಯಾಣದ ಆ ಒಂದು ಕೋಣೆಗೆ ಎಷ್ಟು ಬೇಕೋ ಅಷ್ಟೇ. ಅಳಿಯ ಅದಕ್ಕಿಂತ ಬಹಳ ಕೆಳಗಿನ ದರ ಹೇಳಿ ಬಾಯಿ ಮುಚ್ಚಿದ.

ನಮ್ಮವರ ಮನೆಯಲ್ಲಿ ಬಂದ ನೆಂಟ ಸುಮ್ಮನಾದರೆ ಮನೆಯವರಿಗೆ ತಡೆಯುವುದಿಲ್ಲ. ದೋಸೆಗೆ ಉಪ್ಪು ಕಡಿಮೆಯಾಯಿತೋ, ಆಡಿದ ಮಾತಿನಲ್ಲಿ ತಪ್ಪಾಯಿತೋ ಎಂದು ಒದ್ದಾಡುತ್ತಾರೆ. ಆ ಅಮ್ಮ ಸೆರಗು ಹಿಂಡಿದರು, ಫ್ಯಾನು ಜೋರು ಮಾಡಿದರು, ಇನ್ನೊಂದು ದೋಸೆ ಬೇಕಾ ಎಂದು ಕೇಳಿದರು. ಅವನು ಗೋಡೆ ನೋಡುತ್ತಿದ್ದ. ಕೊನೆಗೆ ಅವರೇ, "ನಾನು ಜಾಸ್ತಿ ಹೇಳಿದೆನಾ ಮಗ? ಬೇಜಾರು ಮಾಡ್ಬೇಡ. ಸ್ವಲ್ಪ ಇಳಿಸುವ," ಅಂದರು.

ಅಷ್ಟರಲ್ಲಿ ಅವನ ಫೋನು ಕೂಗಿತು. ಎತ್ತಿ, ನವಿ ಮುಂಬಯಿಯಲ್ಲಿ ಇನ್ನೊಂದು ಫ್ಲ್ಯಾಟು ತಯಾರಿದೆಯಂತೆ, ಇವತ್ತೇ ಹೇಳಬೇಕಂತೆ ಎಂದು ಯಾರ ಜೊತೆಗೋ ಗಟ್ಟಿಯಾಗಿ ಮಾತಾಡಿದ. ಆ ಕೂಗು ನನಗೆ ಗೊತ್ತು. ಪ್ರತಿದಿನ ಬೆಳಗ್ಗೆ ಅವನ ಕೋಣೆಯಲ್ಲಿ ಹೊಡೆದುಕೊಳ್ಳುತ್ತದೆ, ಅವನು ಏಳುವುದಿಲ್ಲ, ಅಕ್ಕ ಹೋಗಿ ಆರಿಸುತ್ತಾಳೆ. ಅಲಾರಂ! ಅಲಾರಮ್ಮಿನ ಜೊತೆ ಮಾತಾಡುತ್ತಿದ್ದಾನೆ ಮಹಾರಾಯ.

ಫೋನು ಇಟ್ಟವನು ಮೆತ್ತಗಿನ ದನಿಯಲ್ಲಿ ಕೇಳಿದ, "ದೊಡ್ಡಮ್ಮ, ಮಳೆಗಾಲ ಬಂತು. ಈ ಮೆಟ್ಟಿಲಲ್ಲಿ ಜಾರಿ ಬಿದ್ರೆ? ಆಮೇಲೆ ಮಗಳ ಮನೆ ಹಾಲಿನಲ್ಲೇ ಮಲಗಬೇಕಲ್ಲ."

ಅವರ ಮುಖ ಬಿಳಚಿಕೊಂಡಿತು. ನನ್ನ ಎದುರು ಅವರು ಬಿಚ್ಚಿಟ್ಟ ಸಂಕಟವನ್ನು ಇವನು ಹೆಕ್ಕಿಕೊಂಡು ಬಂದು ಅವರಿಗೇ ಚುಚ್ಚುತ್ತಿದ್ದಾನೆ.

"ಆಯ್ತು ಮಗ, ನೀನು ಹೇಳಿದ ಹಾಗೇ ಆಗ್ಲಿ," ಎಂದರು.

ಆಗ ಅಳಿಯ ಚೀಲದಿಂದ ಒಂದು ಸ್ಟೀಲಿನ ಹರಿವಾಣ ತೆಗೆದ. ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ. ಎಲೆಯ ತೊಟ್ಟು ಯಾವ ಕಡೆ ಇರಬೇಕು ಎಂಬುದನ್ನೂ ನನ್ನ ಕಥೆಯಲ್ಲಿ ಇದ್ದ ಹಾಗೆಯೇ ಜೋಡಿಸಿದ್ದ. ಅದನ್ನು ನನ್ನ ಕೈಗಿಟ್ಟು, "ಮಾವ, ನೀವು ಹಿರಿಯರು. ನೀವೇ ಕೊಡಿ," ಅಂದ. ನನ್ನ ಜೊತೆ ಅವನು ಅಷ್ಟು ಶುದ್ಧ ಕನ್ನಡ ಆಡಿದ್ದು ಅದೇ ಮೊದಲು.

ಆ ಅಮ್ಮ ಎದ್ದು, ಮಂಡಿ ಹಿಡಿದುಕೊಂಡು ನಿಂತು, ಎರಡೂ ಕೈ ಮುಂದೆ ಚಾಚಿದರು. ಹಿಡಿದರೆ ಮುಗಿಯಿತು. ಮರುದಿನ ಯಾರು ಏನು ಹೇಳಿದರೂ ಆ ಹೆಂಗಸು ಮಾತು ತಪ್ಪುವವರಲ್ಲ. ಇವನಿಗೆ ಅದು ಗೊತ್ತು. ಅಜ್ಜನ ಕೋಣಗಳ ಮೂಲಕ ಗೊತ್ತು. ಅಜ್ಜ ತಾನು ನಷ್ಟ ಮಾಡಿಕೊಂಡು ಉಳಿಸಿದ ಮಾತನ್ನು ಇವನು ಬಲೆ ಮಾಡಿಕೊಂಡು ತಂದಿದ್ದಾನೆ, ನನ್ನ ಕೈಯಿಂದಲೇ ಬೀಸಿಸಬೇಕೆಂದಿದ್ದಾನೆ.

ನಾನು ಹರಿವಾಣ ಮಡಿಲಲ್ಲಿಟ್ಟುಕೊಂಡೆ. ಎಲೆ ತೆಗೆದು ಪಂಚೆಗೆ ಒರೆಸಿದೆ, ತೊಟ್ಟು ಮುರಿದೆ, ಅಡಿಕೆ ಇಟ್ಟು ಮಡಚಿ ಬಾಯಿಗೆ ಹಾಕಿಕೊಂಡೆ. ಇನ್ನೊಂದು ಎಲೆ ತೆಗೆದು ಅದನ್ನೂ ಹಾಕಿಕೊಂಡೆ. ಹಲ್ಲಿನ ಡಾಕ್ಟರು ಬೇಡವೆಂದ ಮೇಲೆ ಬಿಟ್ಟಿದ್ದೆ. ಕೈಗೆ ಕೊಟ್ಟರೆ ವೀಳ್ಯ ಮಾತಾಗುತ್ತದೆ. ಕೂತು ಜಗಿದರೆ ಊಟದ ಮೇಲಿನ ಎಲೆಯಡಿಕೆ, ಅದಕ್ಕೆ ಯಾರೂ ಯಾರಿಗೂ ಬದ್ಧರಲ್ಲ. ಇದು ಆ ಅಮ್ಮನಿಗೆ ಗೊತ್ತು, ನನಗೆ ಗೊತ್ತು. ಈ ಪಾಠ ಮಾತ್ರ ಅಳಿಯನಿಗೆ ಆಗಿರಲಿಲ್ಲ.

ಅವರು ಚಾಚಿದ ಕೈ ಮೆಲ್ಲಗೆ ಇಳಿಸಿ ನನ್ನ ಮುಖ ನೋಡಿದರು. ಆಮೇಲೆ, "ಸುಣ್ಣ ಇಲ್ಲದೆ ತಿನ್ನುದಾ ಅಣ್ಣ? ಬಾಯಿ ಕೆಡ್ತದೆ," ಎಂದು ಒಳಗಿಂದ ಸುಣ್ಣದ ಡಬ್ಬಿ ತಂದರು. ತಾವೂ ಒಂದು ಎಲೆ ಎತ್ತಿಕೊಂಡು ಕೂತರು.

"ಅಕ್ಕ," ಅಂದೆ ತುಂಬಿದ ಬಾಯಲ್ಲಿ, "ನಿಮ್ಮ ಸೊಸೈಟಿ ಮೀಟಿಂಗಿನಲ್ಲಿ ಎಂತ ಆಯ್ತು?"

"ಯಾವ ಮೀಟಿಂಗು?"

ನಾನು ಕೆನ್ನೆ ತೋರಿಸಿ, ಮಾತಾಡಲಾಗುವುದಿಲ್ಲ ಎಂದು ಸನ್ನೆ ಮಾಡಿ, ಅಳಿಯನ ಕಡೆ ಬೆರಳು ಮಾಡಿದೆ. ಈಗ ಸುಮ್ಮನಿರುವ ಸರದಿ ನನ್ನದು. ಅವರು ಅವನನ್ನು ನೋಡಿದರು. ಅವನು ಗೋಡೆ ನೋಡಿದ. ಗೋಡೆಯಲ್ಲಿ ಗಂಡನ ಫೋಟೊ ಇತ್ತು.

"ಹೇಳು ಮಗ. ದೊಡ್ಡಮ್ಮ ಅಂತ ಕರೀತೀಯಲ್ಲ," ಅಂದರು ಅವರು.

ಅರ್ಧ ಹಿಂದಿ, ಅರ್ಧ ಕನ್ನಡ, ವಿಷಯ ಹೇಗೋ ಹೊರಬಂತು. ಎಲ್ಲ ಕೇಳಿದ ಮೇಲೆ ಆ ಅಮ್ಮ ಕೂಗಾಡಲಿಲ್ಲ. "ಹಾಗಾದ್ರೆ ಹೊಸ ಬಿಲ್ಡಿಂಗಿಗೆ ಲಿಫ್ಟ್ ಬರ್ತದಾ?" ಎಂದು ಮಾತ್ರ ಕೇಳಿದರು.

ಮೆಟ್ಟಿಲು ಇಳಿಯುವಾಗ ಅವನು ಕುದಿಯುತ್ತಿದ್ದ. "ಎಷ್ಟು ದಿನದ ಮೆಹನತ್ ಮಾವ. ಮನೆಯವರೇ ಹೀಗೆ ಮಾಡಿದ್ರೆ?"

"ಮನೆಯವರು ಅಂತ ಈಗ ನೆನಪಾಯ್ತಾ?" ಅಂದೆ. "ಅಜ್ಜಿಯ ಮಾತು, ಅಜ್ಜನ ವೀಳ್ಯ, ನನ್ನ ಬಾಯಿ, ಎಲ್ಲ ತಂದು ಒಂದು ಮಂಡಿನೋವಿನ ಹೆಂಗಸಿಗೆ ಗಾಳ ಹಾಕಿದೆಯಲ್ಲ. ಎದುರಿನವರಿಗೂ ಗೊತ್ತಿದ್ದರೆ ಅದು ಚೌಕಾಸಿ. ನಿನಗೆ ಮಾತ್ರ ಗೊತ್ತಿದ್ದರೆ ಅದಕ್ಕೆ ಬೇರೆ ಹೆಸರುಂಟು."

ಅವನು ಕಾರಿನ ಬಾಗಿಲು ಬಡಿದ. ನಾನು ರಿಕ್ಷಾ ಹಿಡಿದು ಸ್ಟೇಷನ್ನಿಗೆ ಬಂದು ಲೋಕಲಿನಲ್ಲಿ ಮನೆ ಸೇರಿದೆ.

ಅಕ್ಕ ನನ್ನ ಮೇಲೆಯೇ ಹರಿಹಾಯ್ದಳು. "ನೀನೊಬ್ಬ ಬಾಯಿ ಮುಚ್ಚಿ ಕೂತಿದ್ರೆ ಆಗ್ತಿರಲಿಲ್ವಾ?"

"ಮುಚ್ಚಿಯೇ ಕೂತಿದ್ದೆ. ಬಾಯಲ್ಲಿ ಎಲೆಯಡಿಕೆ ಇತ್ತು," ಅಂದೆ. ಅವಳಿಗೆ ನಗು ಬಂತು. ಮಗ ನೋಡುತ್ತಾನೆಂದು ನುಂಗಿಕೊಂಡಳು.

ಡೊಂಬಿವಲಿಯ ಅಮ್ಮ ಮನೆ ಮಾರಲಿಲ್ಲ. ಕೆಲವು ದಿನ ಬಿಟ್ಟು ಫೋನು ಮಾಡಿದರು. "ಈ ಸಲ ಮೀಟಿಂಗು ನನ್ನ ಮನೆಯಲ್ಲೇ ಇಡಿಸಿದೆ ಅಣ್ಣ. ಕಮಿಟಿಯವರೆಲ್ಲ ಮೆಟ್ಟಿಲು ಹತ್ತಿ ಬಂದ್ರು. ಸೆಕ್ರೆಟರಿಗೆ ಉಬ್ಬಸ. ಕುಡಿಯಲು ನೀರು ಕೊಟ್ಟು, ಈಗ ಓದಿ ಹೇಳಿ, ಹಿಂದಿಯಲ್ಲಿ ಹೇಳಿ, ನನಗೆ ಅರ್ಥ ಆಗುವವರೆಗೆ ಹೇಳಿ ಅಂದೆ." ಕೆಲಸ ಮುಗಿಯುವವರೆಗೆ ಬಾಡಿಗೆ ಬಿಲ್ಡರ್ ಕೊಡುತ್ತಾನಂತೆ, ಕಲ್ಯಾಣದಲ್ಲಿ ನೆಲಮಹಡಿಯ ಕೋಣೆ ನೋಡಿಯಾಗಿದೆಯಂತೆ. "ಒಮ್ಮೆ ಬನ್ನಿ," ಎಂದರು. "ಎಲೆ ನಾನು ತರಿಸ್ತೇನೆ."

ಅಳಿಯ ನನ್ನ ಜೊತೆ ಮಾತು ಬಿಟ್ಟಿದ್ದ. ಮಾತು ಬಿಡುವುದೂ ಆ ಕ್ಲಾಸಿನ ಪಾಠವೇ ಎಂದು ನನಗೆ ಗೊತ್ತಿದ್ದರಿಂದ ನಾನೂ ಬಿಟ್ಟೆ. ಮೊನ್ನೆ ಮನೆಗೆ ಊರಿನ ನೆಂಟರು ಬಂದಿದ್ದರು. ಅಜ್ಜಿ ಒಮ್ಮೆ ಕಳ್ಳನಿಗೆ ಊಟ ಬಡಿಸಿದ ಕಥೆ ಎತ್ತಿದ್ದೆ. ಅರ್ಧಕ್ಕೆ ಬಂದಿರುವಾಗ ಅಳಿಯ ಕೋಣೆಯಿಂದ ಹೊರಬಂದು ನನ್ನ ಎದುರಿಗೆ ಕೂತ. ಫೋನು ಮಗುಚಿಟ್ಟ. ಡೊಂಬಿವಲಿಯಲ್ಲಿ ಕೂತ ಹಾಗೆಯೇ ಮುಂದಕ್ಕೆ ಬಾಗಿದ.

"ಆಮೇಲೆ ಎಂತಾಯ್ತು ಮಾವ?" ಎಂದು ಕೇಳಿದ, ಒಳ್ಳೆಯ ಕನ್ನಡದಲ್ಲಿ.

ನಾನು ಕಥೆ ಅಲ್ಲಿಗೇ ಬಿಟ್ಟು ಅಕ್ಕನ ಹತ್ತಿರ ಮಜ್ಜಿಗೆ ಕೇಳಿದೆ. ಕಳ್ಳ ಇನ್ನೂ ಊಟಕ್ಕೆ ಕೂತೇ ಇದ್ದಾನೆ.