ಬಿಳಿ ತಾಯಿಯ ಪಾತ್ರ

ಭೀಮರಾಯನಗುಡಿಯ ಕಚೇರಿಯೊಂದರಲ್ಲಿ ನಾನು ಹದಿನೆಂಟು ವರ್ಷಗಳಿಂದ ಟಪಾಲು ನೋಡಿಕೊಳ್ಳುತ್ತಿದ್ದೇನೆ. ಬಂದ ಪತ್ರಕ್ಕೊಂದು ನಂಬರು, ಹೋಗುವ ಪತ್ರಕ್ಕೊಂದು ನಂಬರು ಹಾಕುವುದು ನನ್ನ ಕೆಲಸ. ನಾಟಕಕ್ಕೆ ಬಂದದ್ದು ನಲವತ್ತು ದಾಟಿದ ಮೇಲೆ. ಶಹಾಪುರದಲ್ಲಿ ನಮ್ಮ ಓಣಿಯಲ್ಲೇ ಇರುವ, ಚಿತ್ರಕಲೆ ಕಲಿಸಿ ನಿವೃತ್ತರಾದ ಮಾಸ್ತರೊಬ್ಬರು ಹವ್ಯಾಸಿ ತಂಡವೊಂದನ್ನು ಕಟ್ಟಿದ್ದರು. ಗಂಡಸರು ಬೇಕಾದಷ್ಟು ಸಿಗುತ್ತಿದ್ದರು, ಹೆಂಗಸರು ಸಿಗುತ್ತಿರಲಿಲ್ಲ. ಒಂದು ಭಾನುವಾರ ನಮ್ಮ ಮನೆಗೆ ಬಂದು, ಚಹಾ ಕುಡಿಯುತ್ತ, ನನ್ನ ಗಂಡನ ಹತ್ತಿರ ಮಾತು ತೆಗೆದರು. ಅವರು ನಕ್ಕು, ಅವಳನ್ನೇ ಕೇಳಿ ಎಂದರು. ಪುಟ್ಟ ಪಾತ್ರವೊಂದಕ್ಕೆ ಹೂಂ ಎಂದವಳು ಮತ್ತೆ ಬಿಡಲಿಲ್ಲ.

ನಾಲ್ಕು ನಾಟಕ ಆದ ಮೇಲೆ ಮಾಸ್ತರು ತಾವೇ ಒಂದನ್ನು ಬರೆದರು. ಕತೆ ನಡೆಯುವುದು ಸಮುದ್ರದಾಚೆಯ ಒಂದು ದೇಶದಲ್ಲಿ, ಬಿಳಿಯರು ಕರಿಯರನ್ನು ಆಳುತ್ತಿದ್ದ ಕಾಲದಲ್ಲಿ. ಬಿಳಿಯ ಯುವಕನೊಬ್ಬ ತನ್ನ ಹೊಲದ ಬೇಲಿ ದಾಟಿ ಬಂದ ಕರಿಯ ಯುವಕನಿಗೆ ಗುಂಡು ಹೊಡೆಯುತ್ತಾನೆ. ಕಾಲ ಬದಲಾಗುತ್ತದೆ, ಸರ್ಕಾರ ಬದಲಾಗುತ್ತದೆ. ಆಗ ಕೊಂದವನ ತಾಯಿ ಸತ್ತವನ ತಾಯಿಯ ಗುಡಿಸಲಿಗೆ ನಡೆದುಕೊಂಡು ಬಂದು, ಮೊಣಕಾಲೂರಿ ಬೊಗಸೆ ಒಡ್ಡುತ್ತಾಳೆ. ಸತ್ತವನ ತಾಯಿ ತಂಬಿಗೆಯಿಂದ ನೀರು ಹಾಕುತ್ತ, "ನಿನ್ನ ಮಗನನ್ನು ನಾನು ಕ್ಷಮಿಸಿದ್ದೇನೆ" ಎನ್ನುತ್ತಾಳೆ. ಕೊಂದವನ ತಾಯಿ ನೀರು ಕುಡಿದು ಒಂದು ಮಾತು ಹೇಳುತ್ತಾಳೆ, ಅಲ್ಲಿಗೆ ಪರದೆ. ಮಾಸ್ತರು ಓದಿ ಹೇಳಿದ ದಿನ ನಮ್ಮಲ್ಲಿ ಇಬ್ಬರು ಅತ್ತರು. ಅವರಲ್ಲಿ ನಾನೊಬ್ಬಳು.

ಬಿಳಿ ತಾಯಿಯ ಪಾತ್ರ ನನಗೆ ಬಂತು. ಕರಿಯ ತಾಯಿಯ ಪಾತ್ರಕ್ಕೆ ಮಾಸ್ತರು ಶಹಾಪುರದಲ್ಲೇ ಇರುವ ಒಬ್ಬ ಅಂಗನವಾಡಿ ಟೀಚರನ್ನು ಕರೆತಂದರು. ಹಿಂದೆ ಬೀದಿನಾಟಕಗಳಲ್ಲಿ ಹಾಡಿದ್ದವಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಮೊದಲ ದಿನದಿಂದಲೇ ನನ್ನನ್ನು ಅಕ್ಕಾರ ಎಂದು ಕರೆದಳು. ಅವಳು ದಲಿತರ ಪೈಕಿ, ನಾನು ಗೌಡರ ಪೈಕಿ. ತಂಡದಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಗೊತ್ತಿಲ್ಲದವರು ಯಾರೂ ಇರಲಿಲ್ಲ.

ಬಣ್ಣದಲ್ಲಿ ನಾನು ಕಪ್ಪು, ಅವಳು ಕೆಂಪಗಿದ್ದಳು. ಪಾತ್ರ ಹಂಚಿದಾಗ ಇದು ಮಾಸ್ತರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮೊದಲ ಸಲ ಮೇಕಪ್ ನೋಡಲು ಕೂತ ದಿನ ನನ್ನ ಮುಖಕ್ಕೆ ಮೂರು ಸಲ ಬಿಳಿ ಬಳಿದರೂ ಸಾಲಲಿಲ್ಲ. ಅವಳ ಮುಖಕ್ಕೆ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚಬೇಕಾಯಿತು. ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿ ಅವಳು ನಕ್ಕಳು.

"ನಾಟಕದಾಗೂ ನೀವ ಬಿಳೇರು ಅಲ್ರಿ, ಅಕ್ಕಾರ?"

ನಾನೂ ನಕ್ಕೆ. ಪಾತ್ರ ಬದಲಿಸಿಕೊಳ್ಳೋಣವೇ ಎಂದು ಆಗಲೇ ಕೇಳಬಹುದಿತ್ತು. ಆದರೆ ಮಾತು ಬಾಯಿಪಾಠವಾಗಿತ್ತು, ಮಾಸ್ತರು ಬೇರೇನೋ ಕೆಲಸದಲ್ಲಿದ್ದರು, ಹಾಗೇ ಬಿಟ್ಟೆ.

ತಾಲೀಮು ನಡೆಯುತ್ತಿದ್ದುದು ಮಾಸ್ತರ ಮನೆಯ ಮಾಳಿಗೆಯ ಮೇಲೆ, ನಾನು ಕಚೇರಿಯಿಂದ ಬಂದ ಮೇಲೆ. ನಮ್ಮಿಬ್ಬರದೇ ದೃಶ್ಯಗಳು ಹೆಚ್ಚಾದ್ದರಿಂದ ನಾವು ಎಲ್ಲರಿಗಿಂತ ಮೊದಲೇ ಸೇರುತ್ತಿದ್ದೆವು. ಅವಳು ಅಂಗನವಾಡಿಯ ಮಕ್ಕಳ ಕತೆ ಹೇಳುತ್ತಿದ್ದಳು, ನಾನು ನಮ್ಮ ಸಾಹೇಬರ ಸಿಟ್ಟಿನ ಕತೆ ಹೇಳುತ್ತಿದ್ದೆ. ಬೊಗಸೆ ಒಡ್ಡುವ ದೃಶ್ಯದ ತಾಲೀಮು ಮೊದಲ ಸಲ ಆದ ದಿನ ಅವಳು ಮೇಲಿನಿಂದ ನೀರು ಹಾಕುತ್ತ ನಡುವೆಯೇ ನಿಂತುಬಿಟ್ಟಳು. ತನ್ನ ಅವ್ವ ಊರ ಗೌಡರ ಮನೆಯ ಮುಂದೆ ಹೀಗೇ ಕೂತು ನೀರು ಕುಡಿಯುತ್ತಿದ್ದಳೆಂದು, ಹಾಕುವವರು ಹೀಗೇ ಎತ್ತರದಿಂದ ಹಾಕುತ್ತಿದ್ದರೆಂದು ಹೇಳಿದಳು. ಯಾವ ಊರು ಎಂದು ಕೇಳಿದೆ. ಕೆಂಭಾವಿ ಕಡೆಯ ಒಂದು ಹಳ್ಳಿಯ ಹೆಸರು ಹೇಳಿದಳು. ಅದು ನನ್ನ ತಾಯಿಯ ತವರು. ಆ ಊರ ಗೌಡ ನನ್ನ ಸೋದರಮಾವ.

ಆಗಲೇ ಹೇಳಬೇಕಿತ್ತು. ಆದರೆ ಅವಳು ಅಷ್ಟರಲ್ಲಿ ತಮ್ಮನ ವಿಷಯ ಶುರುಮಾಡಿದ್ದಳು.

ಏಳು ವರ್ಷದ ಹಿಂದೆ ಅವಳ ತಮ್ಮ ಆ ಊರಿನ ಚಹಾದಂಗಡಿಯಲ್ಲಿ ಹೊರಗೆ ಬೇರೆಯಾಗಿ ಇಟ್ಟಿದ್ದ ಗ್ಲಾಸು ಬಿಟ್ಟು, ಒಳಗೆ ಎಲ್ಲರಿಗೂ ಕೊಡುವ ಗ್ಲಾಸಿನಲ್ಲೇ ಚಹಾ ಕೇಳಿದ್ದ. ನಾಲ್ಕು ಜನ ಸೇರಿ ಹೊಡೆದರು. ಬಲಗೈ ಮೊಣಕೈ ಹತ್ತಿರ ಎರಡು ಕಡೆ ಮುರಿಯಿತು, ಮತ್ತೆ ಸರಿಯಾಗಿ ಕೂಡಲೇ ಇಲ್ಲ. ಅವಳ ಮನೆಯವರು ಕೇಸು ಹಾಕಿದರು. ಮರುದಿನದಿಂದಲೇ ಇವರ ಕೇರಿಯವರಿಗೆ ಹೊಲದ ಕೆಲಸ ನಿಂತಿತು, ಗಿರಣಿಯಲ್ಲಿ ಜೋಳ ಬೀಸಲಿಲ್ಲ, ಅಂಗಡಿಯಲ್ಲಿ ಉಪ್ಪು ಸಿಗಲಿಲ್ಲ. ಹದಿನೈದು ದಿನ ತಡೆದುಕೊಂಡರು. ಆಮೇಲೆ ಊರ ಗೌಡರೇ ಹಿರಿಯರನ್ನು ಕರೆತಂದು ರಾಜಿ ಮಾಡಿಸಿದರು.

"ಕೇರಿಯವ್ರೆಲ್ಲ ನಮ್ಮವ್ವನ ಮುಂದ ಕೈ ಮುಗುದ್ರು ಅಕ್ಕಾರ. ನಿನ್ನ ಮಗನ ಸಲುವಾಗಿ ನಮ್ಮ ಮಕ್ಕಳು ಉಪಾಸ ಬಿದ್ದಾವ ಅಂದ್ರು. ಅವ್ವ ಹೆಬ್ಬೆಟ್ಟು ಒತ್ತಿದ್ಳು. ಹೊಡದವ್ರನ್ನ ಮಾಫ್ ಮಾಡೀನಿ ಅಂತ ಎಲ್ಲರ ಮುಂದ ಅಕಿ ಬಾಯಿಲೆ ಹೇಳಿಸಿದ್ರು."

ಆ ದಿನ ನನಗೆ ನೆನಪಿತ್ತು. ಮಾವ ಊರ ಗೌಡಿಕೆ ನೋಡಿಕೊಂಡು ಸುರಪುರದಲ್ಲಿ ಮನೆ ಮಾಡಿದ್ದರು, ಅಲ್ಲಿ ಏನೋ ಕಾರ್ಯವಿತ್ತು, ನಾನು ಹೋಗಿದ್ದೆ. ಮಾವ ಊರಿನಿಂದ ತಡವಾಗಿ ಬಂದು ಕೈಕಾಲು ತೊಳೆದು ಊಟಕ್ಕೆ ಕೂತರು. ಕೇಸು ರಾಜಿ ಆಯಿತು, ಊರು ತಣ್ಣಗಾಯಿತು ಎಂದು ಎಲ್ಲರೆದುರು ಹೇಳಿದರು. ಯಾವ ಕೇಸು ಎಂದು ನಾನು ಕೇಳಲಿಲ್ಲ. ಶೇಂಗಾ ಹಿಂಡಿ ಚೆನ್ನಾಗಿದೆ ಎಂದು ಅತ್ತೆಗೆ ಹೇಳಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡಿದ್ದೆ.

ಇದೆಲ್ಲ ತಲೆಯಲ್ಲಿ ತಿರುಗುತ್ತಿರುವಾಗ ಮಾಸ್ತರು ಮಾಳಿಗೆ ಹತ್ತಿ ಬಂದರು, ತಾಲೀಮು ಮುಂದುವರಿಯಿತು. ನಾಳೆ ಹೇಳೋಣ ಎಂದುಕೊಂಡೆ. ಮರುದಿನ ಅವಳು ನನಗಾಗಿ ಡಬ್ಬಿಯಲ್ಲಿ ಪುಂಡಿಪಲ್ಯ ತಂದಿದ್ದಳು. ಅದನ್ನು ತಿನ್ನುತ್ತ ಹೇಳುವುದು ಹೇಗೆ? ಹೀಗೆ ಎರಡು ತಿಂಗಳು ಕಳೆಯಿತು.

ಪ್ರಯೋಗಕ್ಕೆ ವಾರವಿದ್ದಾಗ ಆಮಂತ್ರಣ ಪತ್ರಿಕೆ ಬಂತು. ಮುಖ್ಯ ಅತಿಥಿಯ ಜಾಗದಲ್ಲಿ ನನ್ನ ಮಾವನ ಹೆಸರಿತ್ತು. ಸಭಾಂಗಣದ ಪರವಾನಗಿ ಅವರೇ ಕೊಡಿಸಿದ್ದರಂತೆ, ಮಾಸ್ತರಿಗೆ ಹಳೆಯ ಪರಿಚಯವಂತೆ. ಅವಳೂ ಒಂದು ಪತ್ರಿಕೆ ತೆಗೆದುಕೊಂಡು ಓದಿದಳು, ಸಣ್ಣಗೆ ಮಡಿಚಿ ಬ್ಯಾಗಿಗೆ ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ಮಾಸ್ತರ ಹತ್ತಿರ ಹೋಗಿ, "ಸರ್, ನನ್ನ ಆ ಕೊನಿ ಮಾತೊಂದು ತೆಗಿಲಿಕ್ಕೆ ಬರ್ತದೇನ್ರಿ?" ಎಂದು ಕೇಳಿದಳು. ಮಾಸ್ತರು ಒಳ್ಳೆಯ ಮನುಷ್ಯರು. ಬೇಸರಪಡದೆ, ಕೂಡಿಸಿಕೊಂಡು ತಿಳಿಸಿ ಹೇಳಿದರು: ಇಡೀ ನಾಟಕ ನಿಂತಿರುವುದೇ ಆ ಮಾತಿನ ಮೇಲೆ, ದ್ವೇಷ ಎಲ್ಲೋ ಒಂದು ಕಡೆ ನಿಲ್ಲಬೇಕಲ್ಲ, ಅದನ್ನು ನಿಲ್ಲಿಸುವ ದೊಡ್ಡತನ ನೊಂದವರಲ್ಲೇ ಇರುತ್ತದೆ. ಅವಳು ಕೇಳಿಸಿಕೊಂಡು, ಆಗಲಿ ಸರ್, ಎಂದಳು.

ಎಲ್ಲರೂ ಹೋದ ಮೇಲೆ ನಾನು ಮಾಸ್ತರಿಗೆ ಎಲ್ಲವನ್ನೂ ಹೇಳಿದೆ. ಅವರು ಹಣೆ ಒತ್ತಿಕೊಂಡು ಕೂತರು. ಪತ್ರಿಕೆ ಊರೆಲ್ಲ ಹಂಚಿಯಾಗಿದೆ, ಈಗ ಬರಬೇಡಿ ಎಂದು ಹೇಳುವುದು ಹೇಗೆ ಎಂದರು. ಒಂದು ಉಪಾಯ ಹೇಳಿ ಎಂದು ನನ್ನನ್ನೇ ಕೇಳಿದರು. ಮನೆಗೆ ಬಂದು ಮಾವನಿಗೆ ಫೋನು ಮಾಡಿದೆ. ನಾಟಕ ಉದ್ದ ಇದೆ, ನಿಮಗೆ ಸೊಂಟನೋವು, ಕೂಡಲು ಆಗಲಿಕ್ಕಿಲ್ಲ ಎಂದೆ. "ನೀ ಪಾರ್ಟ್ ಮಾಡಾಕತ್ತಿ, ನಾ ಬರದಂಗ ಇರ್ತೀನೇನವಾ?" ಎಂದರು. ಅವರಿಗೆ ಹೆಣ್ಣುಮಕ್ಕಳಿಲ್ಲ, ನನ್ನನ್ನು ಮಗಳಂತೆ ನೋಡಿದವರು. ಫೋನಿಟ್ಟೆ.

ಪ್ರಯೋಗದ ಸಂಜೆ ನಾವಿಬ್ಬರೂ ಪಕ್ಕಪಕ್ಕದಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿದ್ದೆವು. ಮಾವ ನೇರ ಒಳಗೆ ಬಂದರು. ನಾನು ಎದ್ದು, ಅಭ್ಯಾಸದಂತೆ ಕಾಲಿಗೆ ನಮಸ್ಕಾರ ಮಾಡಿದೆ. ಅವರು ತಲೆಯ ಮೇಲೆ ಕೈಯಿಟ್ಟು, ನನ್ನ ಬಿಳಿ ಮುಖ ನೋಡಿ ನಕ್ಕರು. ಅವಳ ಕಡೆಗೂ ತಿರುಗಿ, ಛಲೋ ಮಾಡ್ರಿ ಎಂದರು. ಯಾರು ಎಂದು ಅವರಿಗೆ ಗುರುತು ಹತ್ತಲಿಲ್ಲ.

ಅವರು ಹೊರಗೆ ಹೋದ ಮೇಲೆ ಅವಳು ಕನ್ನಡಿಯಿಂದ ಕಣ್ಣು ತೆಗೆಯದೆ ಕೇಳಿದಳು: "ನಿಮಗೇನಾಗಬೇಕ್ರಿ ಅವ್ರು?"

"ಸೋದರಮಾವ."

"ನಾ ಹೇಳಿದ ದಿನಾನೂ ನಿಮಗ ಗೊತ್ತಿತ್ತೇನ್ರಿ?"

ಹೌದು ಎಂದೆ. ಅವಳು ಕಾಡಿಗೆಯ ಬಟ್ಟಲು ಹತ್ತಿರ ಎಳೆದುಕೊಂಡು, ಕುತ್ತಿಗೆಗೆ ಹಚ್ಚುವುದು ಉಳಿದಿತ್ತಲ್ಲ, ಅದನ್ನು ಹಚ್ಚತೊಡಗಿದಳು.

ಸಭಾಂಗಣ ತುಂಬಿತ್ತು. ಯಾದಗಿರಿಯಿಂದ, ಸುರಪುರದಿಂದಲೂ ಜನ ಬಂದಿದ್ದರು. ಮಾವ ಮೊದಲ ಸಾಲಿನ ನಡುವೆ ಕೂತಿದ್ದರು. ಅವಳು ಒಂದು ಮಾತೂ ತಪ್ಪದೆ ಆಡಿದಳು. ಕೊನೆಯ ದೃಶ್ಯ ಬಂತು. ನಾನು ಗುಡಿಸಲಿನ ಮುಂದೆ ಮೊಣಕಾಲೂರಿ, ನನ್ನ ಮಾತು ಮುಗಿಸಿ, ಬೊಗಸೆ ಒಡ್ಡಿದೆ. ಅವಳು ತಂಬಿಗೆ ಎತ್ತಿಕೊಂಡು ಬಂದು ನನ್ನ ಮುಂದೆ ನಿಂತಳು. ನೀರು ಹಾಕಲಿಲ್ಲ. ಬಗ್ಗಿ ತಂಬಿಗೆಯನ್ನು ನನ್ನ ಮುಂದೆ ನೆಲದ ಮೇಲಿಟ್ಟಳು. ಅಲ್ಲಿಯವರೆಗೆ ಪುಸ್ತಕದ ಭಾಷೆಯಲ್ಲಿ ಆಡಿದವಳು ಈಗ ತನ್ನ ಊರ ಮಾತಿನಲ್ಲಿ, ದನಿ ಏರಿಸದೆ ಹೇಳಿದಳು:

"ನೀರು ಕುಡುದು ಹೋಗ್ರಿ. ಮಾಫಿ ಕೇಳಬ್ಯಾಡ್ರಿ. ಅದು ನನ್ನ ಕಡಿ ಇಲ್ಲ."

ಹೇಳಿ ಗುಡಿಸಲಿನ ಒಳಗೆ ಹೋದಳು. ನನ್ನ ಮುಂದಿನ ಮಾತು ಇದ್ದದ್ದು, "ತಂಗಿ, ನಿನ್ನ ಮನಸ್ಸು ದೊಡ್ಡದು" ಎಂದು. ಅದನ್ನು ಹೇಳುವಂತಿರಲಿಲ್ಲ. ತಂಬಿಗೆ ಎತ್ತಿ ಕುಡಿಯಬೇಕೇ, ಎದ್ದು ಹೋಗಬೇಕೇ, ಅವಳ ಹಿಂದೆ ಒಳಗೆ ಹೋಗಬೇಕೇ ತಿಳಿಯಲಿಲ್ಲ. ಖಾಲಿ ಬೊಗಸೆ ಹಿಡಿದು ಹಾಗೇ ಕೂತಿದ್ದೆ. ಕೊನೆಗೆ ಮಾಸ್ತರು ಪರದೆ ಇಳಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾಟಕ ಇರುವುದೇ ಹೀಗೆ ಎಂದುಕೊಂಡಿದ್ದರು.

ಮಾವ ವೇದಿಕೆಗೆ ಬಂದು ಮಾತಾಡಿದರು. "ಅಲ್ಲೆಲ್ಲ ಎಂಥ ಅನ್ಯಾಯ ನಡದಾವ ನೋಡ್ರಿ. ನಮ್ಮ ಕಡಿ ಹಂಗಿಲ್ಲ, ಎಲ್ಲಾರೂ ಅಣ್ಣತಮ್ಮರಂಗ ಅದೀವಿ," ಎಂದರು. ಅವರ ದನಿಯಲ್ಲಿ ಕಪಟವಿರಲಿಲ್ಲ. ನಿಜವೆಂದೇ ನಂಬಿದ್ದರು. ಆಮೇಲೆ ಕಲಾವಿದರಿಗೆ ಶಾಲು ಹೊದಿಸಿದರು. ಕರಿಯ ತಾಯಿಯ ಪಾತ್ರಧಾರಿ ಬರಬೇಕು ಎಂದು ಮೈಕಿನಲ್ಲಿ ಮೂರು ಸಲ ಕರೆದರು. ಅವಳು ಮುಖ ಸಹ ತೊಳೆಯದೆ ಆಟೋ ಹತ್ತಿ ಹೋಗಿದ್ದಳು. ಆಕೆಯ ಪರವಾಗಿ ನೀವೇ ತೆಗೆದುಕೊಳ್ಳಿ ಎಂದು ಮಾಸ್ತರು ನನ್ನನ್ನು ಮುಂದೆ ಕಳಿಸಿದರು. ಎರಡನೆಯ ಶಾಲನ್ನೂ ಮಾವ ನನ್ನ ಹೆಗಲಿಗೇ ಹಾಕಿದರು.

ನಾಲ್ಕು ದಿನದ ಮೇಲೆ ಆ ಶಾಲು ಹಿಡಿದು ಅವಳ ಮನೆಗೆ ಹೋದೆ. ಅವಳಿರಲಿಲ್ಲ. ಬಾಗಿಲು ತೆರೆದವನು ತಮ್ಮ. ಬಲಗೈ ಮೊಣಕೈಯಲ್ಲಿ ಮಡಿಚಿಕೊಂಡೇ ಇತ್ತು. ಎಡಗೈಯಿಂದ ಕುರ್ಚಿ ಎಳೆದು ಹಾಕಿ, ಕೂಡ್ರಿ ಮೇಡಂ ಎಂದ. ನಾಟಕ ನೋಡಬೇಕೆಂದು ಆಸೆಯಿತ್ತು, ಅಕ್ಕ ಬರಬೇಡ ಎಂದಳು ಎಂದ.

"ಕೊನಿಗಿ ಅಕ್ಕ ಮಾಫ್ ಮಾಡ್ತಾಳಂತಲ್ರಿ, ಹೌದೇನು?"

"ಇಲ್ಲಪ್ಪ. ಮಾಡ್ಲಿಲ್ಲ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಒಳಗೆ ಹೋಗಿ ಚಹಾ ಮಾಡಿ ತಂದ. ಒಂದೇ ಕೈಯಲ್ಲಿ ಎರಡು ಸಲ ಓಡಾಡಿ, ಮೊದಲು ನನ್ನದು, ಆಮೇಲೆ ಅವನದು. ನಾನು ಯಾರು, ಯಾರ ಸೋದರಸೊಸೆ ಎಂದು ಹೇಳಲೆಂದೇ ಹೋಗಿದ್ದೆ. ಚಹಾ ಕುಡಿದು, ಶಾಲು ಕುರ್ಚಿಯ ಮೇಲಿಟ್ಟು ಬಂದೆ.

ಮುಂದಿನ ವಾರ ಸುರಪುರಕ್ಕೆ ಹೋಗಿ ಮಾವನನ್ನು ನೇರವಾಗಿ ಕೇಳಿದೆ. ಆ ಹುಡುಗನ ತಾಯಿಯ ಬಾಯಿಂದ ಮಾಫ್ ಮಾಡಿದ್ದೇನೆ ಎಂದು ಹೇಳಿಸಿದ್ದು ತಪ್ಪಲ್ಲವೇ ಎಂದೆ. ಅವರು ಸಿಟ್ಟಾಗಲಿಲ್ಲ. ತಾವು ನಡುವೆ ಬರದಿದ್ದರೆ ಊರಿನಲ್ಲಿ ಹೆಣ ಬೀಳುತ್ತಿತ್ತು ಎಂದರು. "ಎಲ್ಲಾರೂ ಒಪ್ಪಿ ಸಹಿ ಮಾಡ್ಯಾರ. ಮುಗದದ್ದು ಯಾಕ ಕೆದಕ್ತಿ?" ಎಂದು ಪೇಪರು ಎತ್ತಿಕೊಂಡರು. ಅತ್ತೆ ತಟ್ಟೆ ಹಾಕಿದರು. ಬೇಡವೆನ್ನಲು ಆಗಲಿಲ್ಲ, ಉಂಡು ಬಂದೆ.

ಎರಡನೆಯ ಪ್ರಯೋಗ ಯಾದಗಿರಿಯಲ್ಲಿ ಎಂದು ಆಗಲೇ ನಿಗದಿಯಾಗಿತ್ತು. ಅವಳು ಇನ್ನು ಬರುವುದಿಲ್ಲವೆಂದು ಮಾಸ್ತರಿಗೆ ಹೇಳಿ ಕಳಿಸಿದಳು. ನನ್ನ ಫೋನು ಎತ್ತಲಿಲ್ಲ. ಅವಳು ಹೇಳಿದ ಮಾತನ್ನೇ ನಾಟಕದ ಕೊನೆಯಾಗಿ ಇಟ್ಟುಕೊಳ್ಳೋಣ ಎಂದು ನಾನು ಮಾಸ್ತರನ್ನು ಕೇಳಿದೆ. ಅವರು ಎರಡು ದಿನ ಯೋಚಿಸಿ, ಹಾಗೆ ಮಾಡಿದರೆ ನಾಟಕದ ಉದ್ದೇಶವೇ ಹೋಗುತ್ತದೆ ಎಂದರು. ಹಾಗಾದರೆ ನಾನೂ ಮಾಡುವುದಿಲ್ಲ ಎಂದೆ. ಆಗ ಅವರು ಜಗಳವಾಡಲಿಲ್ಲ. ಹನ್ನೊಂದು ಜನ ನಾಲ್ಕು ತಿಂಗಳು ದುಡಿದದ್ದನ್ನು ನೆನಪಿಸಿ, ನಿಮ್ಮ ಮನಸ್ಸು ಎಂದರು. ಮರುದಿನ ನಾನು ತಾಲೀಮಿಗೆ ಹೋದೆ.

ಕರಿಯ ತಾಯಿಯ ಪಾತ್ರಕ್ಕೆ ಕಾಲೇಜಿನ ಉಪನ್ಯಾಸಕಿಯೊಬ್ಬರು ಬಂದರು. ನಮ್ಮ ಪೈಕಿಯವರೇ. ಹತ್ತು ದಿನದಲ್ಲಿ ಮಾತೆಲ್ಲ ಕಲಿತರು. ಯಾದಗಿರಿಯಲ್ಲಿ ಕೊನೆಯ ದೃಶ್ಯದಲ್ಲಿ ಅವರು ಸ್ಪಷ್ಟವಾಗಿ, ಕಣ್ಣು ತುಂಬಿಕೊಂಡು, ಕ್ಷಮಿಸಿದ್ದೇನೆ ಎಂದರು. ನೀರು ಬೊಗಸೆಗೆ ಬಿತ್ತು, ಕುಡಿದೆ. ತಂಗಿ, ನಿನ್ನ ಮನಸ್ಸು ದೊಡ್ಡದು ಎಂದೆ. ಜನ ಅತ್ತರು.

ಶಹಾಪುರಕ್ಕೆ ವಾಪಸು ಬರುವಾಗ ಮಾಸ್ತರು ನನ್ನ ಪಕ್ಕದ ಸೀಟಿನಲ್ಲಿ ಕೂತು, ಹತ್ತಿಕುಣಿ ಊರಿನವರೂ ತಮ್ಮಲ್ಲಿ ನಾಟಕ ಆಡಿ ಎಂದು ಕೇಳುತ್ತಿದ್ದಾರೆ, ಬರುವ ತಿಂಗಳ ಎರಡನೆಯ ಶನಿವಾರ ನಿಮಗೆ ಆಗುತ್ತದೆಯೇ ಎಂದರು. ಆ ದಿನ ಕಚೇರಿಗೆ ರಜೆ. ಆಗುತ್ತದೆ ಎಂದೆ.